ಪೆನ್ನಿನಲ್ಲಿ ಮಾತಾಡಿಸುವ ಪ್ರಶ್ನೆಗಳು: ಜಪಾನಿನ ಕಾಲೇಜು ಮಕ್ಕಳ ಇಂಗ್ಲಿಷ್

ಜಪಾನಿನ ಯಾವುದೋ ಒಂದು ಯೂನಿವರ್ಸಿಟಿ. ಮೊದಲ ವರ್ಷದ ಇಂಗ್ಲಿಷ್ ಕ್ಲಾಸು. ಸೋಮವಾರ ಬೆಳಿಗ್ಗೆ ಟೀಚರ್ ಬೋರ್ಡಿನ ಮೇಲೆ ‘ಶನಿವಾರ, ಭಾನುವಾರ ಏನು ಮಾಡಿದಿರಿ?’ ಎಂದು ಇಂಗ್ಲಿಷಿನಲ್ಲಿ ಬರೆದು 10 ನಿಮಿಷ ಕೊಟ್ಟರು ಅಂದುಕೊಳ್ಳಿ. ವಾಪಸ್ ಬರುವ ಹಾಳೆ ಬಹಳ ಸಲ ಹೀಗಿರುತ್ತದೆ:

‘ಐ ವೆಂಟ್ ಟು ಕ್ಯೋಟೋ ವಿತ್ ಮೈ ಫ್ರೆಂಡ್. ವಿ ಏಟ್ ರಾಮೆನ್. ಇಟ್ ವಾಸ್ ಡೆಲಿಷಸ್. ಐ ವಾಸ್ ಹ್ಯಾಪಿ.’

ನಾಲ್ಕು ವಾಕ್ಯ. ಒಂದೇ ಒಂದು ತಪ್ಪಿಲ್ಲ. ಆದರೆ ಇದನ್ನು ಬರೆದ ಹುಡುಗ ಯಾರು, ಗೆಳೆಯ ಎಂಥವನು, ದಾರಿಯಲ್ಲಿ ಏನು ಕಂಡ, ಒಂದೂ ಗೊತ್ತಾಗುವುದಿಲ್ಲ. ಪಕ್ಕದ ಹುಡುಗಿಯ ಹಾಳೆ ತೆಗೆದರೆ ಕ್ಯೋಟೋ ಬದಲು ಒಸಾಕಾ, ರಾಮೆನ್ ಬದಲು ತಾಕೊಯಾಕಿ. ಅವಳೂ ಹ್ಯಾಪಿ.

ಮಕ್ಕಳಿಗೆ ಇಂಗ್ಲಿಷ್ ಬರುವುದಿಲ್ಲ ಅಂತ ಇಲ್ಲಿ ತೀರ್ಮಾನ ಮಾಡಿದರೆ ದೊಡ್ಡ ತಪ್ಪಾಗುತ್ತದೆ. ಇಷ್ಟು ಬರೆದವರಿಗೆ ಇನ್ನೂ ಜಾಸ್ತಿ ಬರೆಯಲು ಬರುತ್ತದೆ. ಅವರಿಗೆ ಹೇಳಬೇಕು ಅನಿಸಿಲ್ಲ, ಅಷ್ಟೇ. ಹಾಗೆ ಅನಿಸುವಂತೆ ಪ್ರಶ್ನೆ ಕೇಳಿಲ್ಲ. ಇಂಗ್ಲಿಷ್ ಕಲಿಸುವವರು ಬರೆಯಲು ಕೊಡುವ ಇಂಥ ಪ್ರಶ್ನೆಯನ್ನು ಪ್ರಾಂಪ್ಟ್ ಅನ್ನುತ್ತಾರೆ. ಅದರಲ್ಲೇ ಒಂದು ಬಗೆ ಮಾತುಕತೆಯ ಧಾಟಿಯದು. ಗೆಳೆಯರು ಎದುರು ಕೂತು ಕೇಳಿದ ಹಾಗೆ ಪ್ರಶ್ನೆ ಇರುತ್ತದೆ, ಮಾತಾಡಿದ ಹಾಗೆಯೇ ಉತ್ತರ ಬರೆಯಬೇಕು. ಪ್ರಬಂಧ ಅಲ್ಲ, ಪರೀಕ್ಷೆಯೂ ಅಲ್ಲ. ನೋಡಲು ಸುಲಭ ಅನಿಸುತ್ತದೆ. ಆದರೆ ಜಪಾನಿನಂಥ ಕಡೆ ಇಂಥ ಒಂದು ಒಳ್ಳೆಯ ಪ್ರಶ್ನೆ ಮಾಡಲು ತುಂಬಾ ಯೋಚನೆ ಬೇಕು.

ಈ ಮಕ್ಕಳು ಎಲ್ಲಿಂದ ಬಂದವರು ಅಂತ ಮೊದಲು ನೋಡೋಣ. ಜಪಾನಿನಲ್ಲಿ ಮಿಡಲ್ ಸ್ಕೂಲು 3 ವರ್ಷ, ಹೈಸ್ಕೂಲು 3 ವರ್ಷ. ಈ 6 ವರ್ಷವೂ ಇಂಗ್ಲಿಷ್ ಇರುತ್ತದೆ. 2011ರಿಂದ ಪ್ರೈಮರಿಯ 5 ಮತ್ತು 6ನೇ ತರಗತಿಗೂ ಆಟ, ಹಾಡಿನ ರೂಪದಲ್ಲಿ ಅದು ಬಂತು. 2020ರಲ್ಲಿ ಆ ಎರಡು ತರಗತಿಗಳಿಗೆ ಅದು ಪೂರ್ತಿ ಪಾಠದ ವಿಷಯವೇ ಆಯಿತು, ಆಟದ ಇಂಗ್ಲಿಷ್ 3ನೇ ತರಗತಿಗೆ ಇಳಿಯಿತು. 1987ರಲ್ಲಿ ಶುರುವಾದ ಜೆಟ್ ಯೋಜನೆಯಲ್ಲಿ ಹೊರದೇಶದ ಯುವಕರು ಹಳ್ಳಿ ಶಾಲೆಗಳಿಗೂ ಸಹಾಯಕ ಟೀಚರ್ ಆಗಿ ಬರುತ್ತಾರೆ. ಒಟ್ಟಿನಲ್ಲಿ ಇಂಗ್ಲಿಷ್ ಕಿವಿಗೆ ಬೀಳದ ಮಕ್ಕಳಂತೂ ಅಲ್ಲ.

ಆದರೆ ಎಲ್ಲದರ ಕೊನೆಗೆ ಪರೀಕ್ಷೆ ನಿಂತಿದೆ. ಪ್ರತಿ ಜನವರಿಯಲ್ಲಿ ಸುಮಾರು 5 ಲಕ್ಷ ಮಕ್ಕಳು ಯೂನಿವರ್ಸಿಟಿ ಪ್ರವೇಶಕ್ಕಾಗಿ ಒಂದೇ ಸಾಮಾನ್ಯ ಪರೀಕ್ಷೆ ಬರೆಯುತ್ತಾರೆ. ಅದರ ಇಂಗ್ಲಿಷ್ ಭಾಗದಲ್ಲಿ ಓದಿಗೆ 100, ಕೇಳುವುದಕ್ಕೆ 100 ಅಂಕ. ಉತ್ತರ ಅಂದರೆ ಶೀಟಿನಲ್ಲಿ ಗುಂಡಗಿನ ಗುರುತನ್ನು ಪೆನ್ಸಿಲಿನಿಂದ ತುಂಬುವುದು. ಸ್ವಂತವಾಗಿ ಒಂದು ವಾಕ್ಯವನ್ನೂ ಬರೆಯಬೇಕಾಗಿಲ್ಲ, ಬಾಯಿ ತೆರೆಯಬೇಕಾಗಿಲ್ಲ. ಮಾತು, ಬರವಣಿಗೆಗಳನ್ನೂ ಅಳೆಯೋಣ ಅಂತ ಸರ್ಕಾರ ಖಾಸಗಿ ಇಂಗ್ಲಿಷ್ ಪರೀಕ್ಷೆಗಳನ್ನು ಸೇರಿಸಲು ಹೊರಟಿತ್ತು. ಹಳ್ಳಿ ಮಕ್ಕಳಿಗೆ, ಬಡವರ ಮನೆ ಮಕ್ಕಳಿಗೆ ಇದು ಅನ್ಯಾಯ ಅಂತ ದೊಡ್ಡ ಕೂಗೆದ್ದು 2019ರ ನವೆಂಬರಿನಲ್ಲಿ ಅದನ್ನು ಮುಂದೂಡಿದರು. 2021ರಲ್ಲಿ ಕೈಬಿಟ್ಟೇ ಬಿಟ್ಟರು.

ಕೆಲವು ಯೂನಿವರ್ಸಿಟಿಗಳು ತಮ್ಮದೇ ಎರಡನೇ ಸುತ್ತಿನ ಪರೀಕ್ಷೆಯಲ್ಲಿ ಬರೆಸುತ್ತವೆ, ನಿಜ. ಅಲ್ಲೂ ಜಪಾನಿ ವಾಕ್ಯ ಕೊಟ್ಟು ಇಂಗ್ಲಿಷಿಗೆ ತಿರುಗಿಸಿ ಅನ್ನುವ ಪ್ರಶ್ನೆ ಹಳೆಯದು, ಗಟ್ಟಿಯಾದದ್ದು. ಕ್ಯೋಟೋ ಯೂನಿವರ್ಸಿಟಿ ಅದಕ್ಕೇ ಹೆಸರುವಾಸಿ. ಈ ಅಭ್ಯಾಸದ ಬೇರು ಆಳವಾಗಿದೆ. ಜಪಾನಿಗರು ನೂರಾರು ವರ್ಷ ಚೀನೀ ಗ್ರಂಥಗಳನ್ನು ಓದಿದ್ದು ಹಾಗೆಯೇ. ಪದಗಳ ಪಕ್ಕ ಸಣ್ಣ ಗುರುತು ಹಾಕಿಕೊಂಡು, ಹಿಂದೆ ಮುಂದೆ ಮಾಡಿ, ಜಪಾನಿಯ ಕ್ರಮಕ್ಕೆ ತಂದುಕೊಂಡು ಓದುತ್ತಿದ್ದರು. ಆಮೇಲೆ ಬಂದ ಡಚ್ಚಿಗೂ ಇಂಗ್ಲಿಷಿಗೂ ಅದೇ ಪದ್ಧತಿ ಅಂಟಿಕೊಂಡಿತು. ಯಾಕುದೊಕು ಅಂತ ಅದರ ಹೆಸರು, ಅನುವಾದಿಸುತ್ತಾ ಓದುವುದು. ಈ ದಾರಿಯಲ್ಲಿ ಬಂದವರಿಗೆ ಇಂಗ್ಲಿಷ್ ಬಿಡಿಸಬೇಕಾದ ಲೆಕ್ಕ. ಅದಕ್ಕೆ ಒಂದು ಸರಿ ಉತ್ತರ ಇದ್ದೇ ಇರುತ್ತದೆ. ‘ನಿನ್ನೆ ಏನು ಮಾಡಿದೆ?’ ಅಂತ ಕೇಳಿದರೂ ಅವರು ಮೊದಲು ಹುಡುಕುವುದು ಆ ಸರಿ ಉತ್ತರವನ್ನೇ.

ನಮಗೂ ಇದು ಹೊಸದಲ್ಲ. ಕನ್ನಡ ಮೀಡಿಯಮ್ಮಿನಲ್ಲಿ ಓದಿದ ನಾನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ ಮೊದಲ ಉದ್ದದ ವಾಕ್ಯ ರಜಾ ಅರ್ಜಿಯದು, ‘ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್’. ಜ್ವರ ಇಲ್ಲದಿದ್ದರೂ ಅದೇ, ಅಕ್ಕನ ಮದುವೆ ಇದ್ದರೂ ಅದೇ. ಆ ವಾಕ್ಯದಲ್ಲಿ ತಪ್ಪಿರಲಿಲ್ಲ. ಅದರಲ್ಲಿ ನಾನೂ ಇರಲಿಲ್ಲ.

ಈಗ ಒಂದು ಸಣ್ಣ ಲೆಕ್ಕ. ಜಪಾನಿನ ಯೂನಿವರ್ಸಿಟಿಗಳಲ್ಲಿ ಒಂದು ಕ್ಲಾಸು ಸಾಮಾನ್ಯವಾಗಿ 90 ನಿಮಿಷ, ಒಂದು ಸೆಮಿಸ್ಟರಿಗೆ 15 ವಾರ. ಕ್ಲಾಸಿನಲ್ಲಿ 30 ಮಕ್ಕಳು ಇದ್ದಾರೆ ಅನ್ನಿ. ಟೀಚರ್ ಒಂದು ಮಾತೂ ಆಡದೆ ಪೂರ್ತಿ ಹೊತ್ತು ಮಕ್ಕಳಿಗೇ ಬಿಟ್ಟುಕೊಟ್ಟು, ಒಬ್ಬೊಬ್ಬರಾಗಿ ಮಾತಾಡಿಸಿದರೂ ತಲೆಗೆ ಸಿಗುವುದು 3 ನಿಮಿಷ. ಅದರಲ್ಲೂ ಎದ್ದು ನಿಂತು ‘ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ’ ಅಂತ ಬೆವರುವುದರಲ್ಲೇ 1 ನಿಮಿಷ ಹೋಗುತ್ತದೆ. ಆದರೆ 30 ಜನಕ್ಕೂ ಹಾಳೆ ಕೊಟ್ಟು 10 ನಿಮಿಷ ಬರೆಯಿರಿ ಅಂದರೆ 30 ಜನರೂ ಒಟ್ಟಿಗೆ 10 ನಿಮಿಷ ಮಾತಾಡಿದ ಹಾಗಾಯಿತು. ಯಾರೂ ಯಾರನ್ನೂ ನೋಡುವುದಿಲ್ಲ. ಪದ ನೆನಪಾಗದಿದ್ದರೆ ನಿಲ್ಲಬಹುದು. ಬರೆದದ್ದು ಸರಿ ಕಾಣದಿದ್ದರೆ ಹೊಡೆದು ಹಾಕಬಹುದು.

ಇದರ ಹಿಂದೆ ಒಂದು ಗಟ್ಟಿ ವಿಚಾರವೂ ಇದೆ. ಕೆನಡಾದಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಶಾಲೆಯ ಪಾಠವನ್ನೇ ಫ್ರೆಂಚಿನಲ್ಲಿ ಹೇಳಿಕೊಡುತ್ತಿದ್ದರು. ವರ್ಷಗಟ್ಟಲೆ ಕೇಳಿ ಕೇಳಿ ಮಕ್ಕಳಿಗೆ ಫ್ರೆಂಚ್ ಚೆನ್ನಾಗಿ ಅರ್ಥವಾಗುತ್ತಿತ್ತು. ಆದರೆ ಮಾತಾಡಲು, ಬರೆಯಲು ಹೊರಟರೆ ಅಷ್ಟು ಮಟ್ಟ ಇರುತ್ತಿರಲಿಲ್ಲ. ಅಲ್ಲಿ ಕೆಲಸ ಮಾಡಿದ ಭಾಷಾ ಕಲಿಕೆಯ ಸಂಶೋಧಕಿ ಮೆರಿಲ್ ಸ್ವೈನ್ 1985ರಲ್ಲಿ ಒಂದು ಮಾತು ಮುಂದಿಟ್ಟರು. ಕೇಳಿಸಿಕೊಂಡರೆ ಸಾಲದು, ಕಲಿಯುವವರು ತಾವೇ ಭಾಷೆಯನ್ನು ಹೊರಗೆ ಹಾಕಬೇಕು. ಹಾಗೆ ಹಾಕುವಾಗಲೇ ‘ಅರೆ, ಇದನ್ನು ಹೇಳುವುದು ನನಗೆ ಗೊತ್ತಿಲ್ಲವಲ್ಲ’ ಅಂತ ಹೊಳೆಯುವುದು. ಆ ಹೊಳಹು ಬರವಣಿಗೆಯಲ್ಲಿ ಜಾಸ್ತಿ ಸ್ಪಷ್ಟ. ಹಾಳೆಯ ಮೇಲೆ ಖಾಲಿ ಜಾಗವೇ ಕಾಣಿಸುತ್ತದೆ.

ಅವರಿಗೆ ಇಂಗ್ಲಿಷ್ ಯಾಕೆ ಇಷ್ಟು ದೂರ ಅನ್ನುವುದು ಕನ್ನಡದವರಿಗೆ ಬೇಗ ಅರ್ಥವಾಗುವ ವಿಷಯ. ಜಪಾನಿಯಲ್ಲಿ ‘ವಾತಾಶಿ ವಾ ಕಿನೋ ಎಕಿ ದೆ ತೊಮೊದಾಚಿ ನಿ ಆತ್ತಾ’ ಅಂದರೆ ‘ನಾನು ನಿನ್ನೆ ಸ್ಟೇಷನ್ನಿನಲ್ಲಿ ಗೆಳೆಯನಿಗೆ ಸಿಕ್ಕಿದೆ’. ಪದಕ್ಕೆ ಪದ ಇಟ್ಟು ನೋಡಿ, ಸಾಲು ಕದಲುವುದೇ ಇಲ್ಲ. ‘ಎಕಿ’ ಸ್ಟೇಷನ್ನು, ‘ದೆ’ ನಮ್ಮ ‘ಅಲ್ಲಿ’. ‘ತೊಮೊದಾಚಿ’ ಗೆಳೆಯ, ‘ನಿ’ ನಮ್ಮ ‘ಇಗೆ’. ಕ್ರಿಯಾಪದ ಕೊನೆಗೆ ಬಂದು ಕೂರುತ್ತದೆ. ಇನ್ನೂ ಖುಷಿ ಕೊಡುವ ಜೋಡಿಗಳಿವೆ. ‘ತಿಂದು ನೋಡು’ ಅನ್ನುವುದಕ್ಕೆ ಅವರೂ ತಿನ್ನುವುದರ ಜೊತೆ ನೋಡುವುದನ್ನೇ ಸೇರಿಸಿ ‘ತಾಬೆತೆ ಮಿರು’ ಅನ್ನುತ್ತಾರೆ. ‘ತಿಂದುಬಿಟ್ಟೆ’ ಅನ್ನುವಾಗ ನಾವು ‘ಬಿಡು’ ಸೇರಿಸುವ ಜಾಗದಲ್ಲಿ ಅವರದ್ದೊಂದು ‘ಶಿಮಾವು’ ಇದೆ. ಮಾತಿನ ಕೊನೆಯಲ್ಲಿ ನಾವು ‘ಅಲ್ವಾ’ ಅಂದರೆ ಅವರು ‘ನೆ’ ಅನ್ನುತ್ತಾರೆ. ಈ ‘ಬಿಟ್ಟೆ’ಯಲ್ಲಿರುವ ಪಶ್ಚಾತ್ತಾಪ, ‘ನೋಡು’ವಿನಲ್ಲಿರುವ ಆಸೆ, ‘ಅಲ್ವಾ’ದಲ್ಲಿರುವ ಸಲಿಗೆ ಇವೆಲ್ಲ ಇಂಗ್ಲಿಷಿಗೆ ದಾಟುವಾಗ ದಾರಿಯಲ್ಲೇ ಉದುರಿ ಹೋಗುತ್ತವೆ. ಉಳಿಯುವುದು ‘ಐ ಏಟ್ ಇಟ್’.

ಮಕ್ಕಳ ತಪ್ಪುಗಳೂ ಇಲ್ಲಿಂದಲೇ ಬರುತ್ತವೆ. ‘ಐ ಲೈಕ್ ಕ್ಯೋಟೋ.’ ಪೂರ್ಣ ವಿರಾಮ. ‘ಬಿಕಾಸ್ ಇಟ್ ಈಸ್ ಬ್ಯೂಟಿಫುಲ್.’ ಮತ್ತೆ ಪೂರ್ಣ ವಿರಾಮ. ‘ನಂಗೆ ಕ್ಯೋಟೋ ಇಷ್ಟ. ಚೆನ್ನಾಗಿದೆಯಲ್ಲ, ಅದಕ್ಕೆ’ ಅಂತ ನಾವೂ ಎರಡು ತುಂಡು ಮಾಡಿಯೇ ಹೇಳುತ್ತೇವೆ. ಪ್ರತಿ ಸಾಲಿಗೂ ‘ಐ ಥಿಂಕ್’ ಹಚ್ಚುವುದು ಇನ್ನೊಂದು. ಜಪಾನಿಯಲ್ಲಿ ‘ತೊ ಒಮೊವು’ ಅಂದರೆ ನಮ್ಮ ‘ಅಂತ ಅನಿಸುತ್ತೆ’. ಅದನ್ನು ಸೇರಿಸದೆ ಅಭಿಪ್ರಾಯ ಹೇಳಿದರೆ ಒರಟು. 19 ವರ್ಷದ ಹುಡುಗಿ ‘ಐ ಪ್ಲೇಡ್ ವಿತ್ ಮೈ ಫ್ರೆಂಡ್’ ಅಂತ ಬರೆದರೆ ಕುಂಟೆಬಿಲ್ಲೆ ಆಡಿದಳು ಅಂತಲ್ಲ. ‘ಅಸೊಬು’ ಅನ್ನುವ ಒಂದೇ ಪದ ಮಕ್ಕಳ ಆಟಕ್ಕೂ ಆಗುತ್ತದೆ, ದೊಡ್ಡವರು ಜೊತೆಗೂಡಿ ಸುತ್ತಾಡುವುದಕ್ಕೂ ಆಗುತ್ತದೆ. ಪಾರ್ಟ್ ಟೈಮ್ ಕೆಲಸಕ್ಕೆ ಅವರು ದಿನವೂ ಬಳಸುವ ‘ಅರುಬಾಯಿತೊ’ ಜರ್ಮನ್ನಿನಿಂದ ಬಂದ ಪದ. ಕೆಲವರು ಅದನ್ನು ಇಂಗ್ಲಿಷೇ ಅಂದುಕೊಂಡು ಹಾಗೇ ಬರೆದಿಡುತ್ತಾರೆ. ಇವು ಅಜಾಗರೂಕತೆಯ ತಪ್ಪುಗಳಲ್ಲ. ಪ್ರತಿಯೊಂದಕ್ಕೂ ಕಾರಣ ಇದೆ. ಕಾರಣ ಗೊತ್ತಿರುವ ಟೀಚರ್‌ಗೆ ಸಿಟ್ಟು ಬರುವುದಿಲ್ಲ.

ಇನ್ನು ಪ್ರಶ್ನೆಗೆ ಬರೋಣ. ‘ನಿಮಗೆ ಸಂಗೀತ ಇಷ್ಟವೇ? ಯಾಕೆ?’ ಎಂದು ಕೇಳಿದರೆ ‘ಹೌದು, ಇಷ್ಟ. ಯಾಕೆಂದರೆ ಸಂಗೀತ ಖುಷಿ ಕೊಡುತ್ತದೆ’ ಅಂತ ಬರುತ್ತದೆ. ಬೇರೆ ಏನು ಬರಲು ಸಾಧ್ಯ? ಉತ್ತರ ಕೇಳುವವರಿಗೆ ಮೊದಲೇ ಗೊತ್ತಿದೆ, ಹೇಳುವವರಿಗೂ ಅದು ಗೊತ್ತು. ಇಬ್ಬರೂ ಸುಮ್ನೆ ಶಾಸ್ತ್ರ ಮುಗಿಸುತ್ತಿದ್ದಾರೆ. ಇದನ್ನೇ ತಿರುಗಿಸಿ ಕೇಳಿ: ‘ಇವತ್ತು ಟ್ರೇನಿನಲ್ಲಿ ಬರುವಾಗ ಕಿವಿಯಲ್ಲಿ ಯಾವ ಹಾಡಿತ್ತು? ಇಯರ್‌ಫೋನ್ ಕಿತ್ತುಬಂದು ಪಕ್ಕದವರಿಗೆ ಕೇಳಿಸಿದ್ದರೆ ಏನಾಗುತ್ತಿತ್ತು?’ ಜಪಾನಿನ ಟ್ರೇನಿನಲ್ಲಿ ಜನ ಫೋನಿನಲ್ಲೂ ಮಾತಾಡುವುದಿಲ್ಲ, ಅಷ್ಟು ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ತನ್ನ ಹಾಡು ಹೊರಬೀಳುವುದನ್ನು ನೆನೆಸಿಕೊಂಡರೆ ಯಾರಿಗಾದರೂ ಏನಾದರೂ ಅನಿಸಿಯೇ ಅನಿಸುತ್ತದೆ. ಒಬ್ಬ ನಾಚುತ್ತಾನೆ, ಇನ್ನೊಬ್ಬಳು ‘ಕೇಳಲಿ ಬಿಡಿ, ಒಳ್ಳೆ ಹಾಡು’ ಅನ್ನುತ್ತಾಳೆ. ಮೂವತ್ತು ಹಾಳೆಯೂ ಬೇರೆ ಬೇರೆ.

ಏನು ಬದಲಾಯಿತು ನೋಡಿ. ಸಂಗೀತ ಅನ್ನುವ ದೊಡ್ಡ ವಿಷಯ ಇವತ್ತು ಬೆಳಗಿನ ಒಂದು ಹಾಡಿಗೆ ಇಳಿಯಿತು. ಉತ್ತರ ಆ ಹುಡುಗನಿಗೆ ಮಾತ್ರ ಗೊತ್ತಿರುವುದು. ‘ಯಾಕೆ’ ಅನ್ನುವ ಪದ ಹೋಗಿ ‘ಏನಾಗುತ್ತಿತ್ತು’ ಬಂತು. ‘ಯಾಕೆ’ ಎಂದರೆ ಸಮರ್ಥನೆ ಕೊಡಬೇಕು. ‘ಏನಾಗುತ್ತಿತ್ತು’ ಎಂದರೆ ಕಥೆ ಹೇಳಬೇಕು. ಜೊತೆಗೆ ‘ಹೀಗಾಗಿದ್ದರೆ ಹಾಗಾಗುತ್ತಿತ್ತು’ ಎನ್ನುವ ಇಂಗ್ಲಿಷ್ ವಾಕ್ಯದ ಅಚ್ಚು ಪ್ರಶ್ನೆಯ ಒಳಗೇ ಇದೆ. ಮಕ್ಕಳು ಅದನ್ನೇ ಎತ್ತಿಕೊಂಡು ಉತ್ತರ ಶುರು ಮಾಡಬಹುದು. ವ್ಯಾಕರಣದ ಪಾಠ ಬೇರೆ ಮಾಡಬೇಕಾಗಿಲ್ಲ. ಪ್ರಶ್ನೆಯಲ್ಲೇ ಉತ್ತರಕ್ಕೆ ಬೇಕಾದ ಸಾಮಾನು ಇಟ್ಟುಕೊಡುವುದು ಈ ಕೆಲಸದ ನಿಜವಾದ ಕೈಚಳಕ ಅಂತ ನನಗನಿಸುತ್ತದೆ.

ನನಗೆ ತುಂಬಾ ಇಷ್ಟವಾದ ಇನ್ನೊಂದು ಉದಾಹರಣೆ ಓನಿಗಿರಿಯದು. ಅನ್ನದ ತ್ರಿಕೋನ ಉಂಡೆ, ಹೊರಗೆ ನೋರಿ ಎನ್ನುವ ಸಮುದ್ರದ ಪಾಚಿಯ ಹಾಳೆ. ಕೊನ್ಬಿನಿ ಎನ್ನುವ ದಿನವಿಡೀ ತೆರೆದಿರುವ ಅಂಗಡಿಗಳಲ್ಲಿ ಇದನ್ನು ಪ್ಲಾಸ್ಟಿಕ್ ಸುತ್ತಿ ಮಾರುತ್ತಾರೆ. ಅನ್ನಕ್ಕೆ ತಾಗಿದರೆ ನೋರಿ ಮೆತ್ತಗಾಗುತ್ತದೆ. ಅದಕ್ಕೆ ಎರಡರ ನಡುವೆ ಇನ್ನೊಂದು ಪದರ ಇರುತ್ತದೆ. ಹೊರಗೆ 1, 2, 3 ಅಂತ ಅಂಕಿ ಅಚ್ಚು ಹಾಕಿರುತ್ತಾರೆ. ಮೇಲಿನ 1ನ್ನು ಹಿಡಿದು ನಡುವಿನ ಪಟ್ಟಿಯನ್ನು ಕೆಳಕ್ಕೆ ಎಳೆಯಬೇಕು, ಆಮೇಲೆ 2 ಮತ್ತು 3ರ ಮೂಲೆಗಳನ್ನು ಒಂದೊಂದಾಗಿ ಪಕ್ಕಕ್ಕೆ ಜಾರಿಸಬೇಕು. ಗರಿಗರಿ ನೋರಿ ಅನ್ನವನ್ನು ತಾನೇ ಅಪ್ಪಿಕೊಳ್ಳುತ್ತದೆ. ಗೊತ್ತಿಲ್ಲದವರು ಬಿಚ್ಚಿದರೆ ಅರ್ಧ ನೋರಿ ಪ್ಲಾಸ್ಟಿಕ್ಕಿನಲ್ಲೇ ಉಳಿಯುತ್ತದೆ.

‘ನಾನು ಜಪಾನಿಗೆ ಬಂದು ಎರಡೇ ದಿನವಾಯಿತು. ಕೈಯಲ್ಲಿ ಓನಿಗಿರಿ ಇದೆ, ಹಸಿವಾಗಿದೆ. ನಿಮ್ಮ ಕೈ ಮುಟ್ಟಿಸದೆ, ಬರೀ ಮಾತಿನಲ್ಲಿ ಬಿಚ್ಚಲು ಹೇಳಿಕೊಡಿ.’ ಇದು ಪ್ರಶ್ನೆ. ಇಲ್ಲಿ ಮಗು ಗುರು, ಕೇಳುವವರು ಶಿಷ್ಯರು. ‘ಮೊದಲು’, ‘ಆಮೇಲೆ’, ‘ನಿಧಾನಕ್ಕೆ’, ‘ಎಳೆಯಿರಿ’, ‘ಜೋಪಾನ’ ಇವೆಲ್ಲಕ್ಕೂ ಇಂಗ್ಲಿಷ್ ಬೇಕಾಗುತ್ತದೆ. ಮೂಲೆ ಅನ್ನುವುದಕ್ಕೆ ಪದ ಹೊಳೆಯದೆ ಒದ್ದಾಡುತ್ತಾರೆ, ಚಿತ್ರ ಬರೆಯುತ್ತಾರೆ. ಉತ್ತರ ಸರಿಯೋ ಇಲ್ಲವೋ ಪರೀಕ್ಷಿಸಲು ಕೆಂಪು ಪೆನ್ನು ಬೇಕಾಗಿಲ್ಲ. ಹಾಳೆಯನ್ನು ಪಕ್ಕದವರಿಗೆ ಕೊಟ್ಟು, ಅದರಲ್ಲಿ ಬರೆದ ಹಾಗೇ ಒಂದು ಓನಿಗಿರಿ ಬಿಚ್ಚಿಸಿದರೆ ಸಾಕು.

ಹೊಸದಾಗಿ ಊರು ಬಿಟ್ಟು ಬಂದ ಮಕ್ಕಳ ದಿನಚರಿ ಇಂಥ ಪ್ರಶ್ನೆಗಳ ಗಣಿ. ಏಪ್ರಿಲ್‌ನಲ್ಲಿ ಅವರ ಶೈಕ್ಷಣಿಕ ವರ್ಷ ಶುರು. ಎಷ್ಟೋ ಜನಕ್ಕೆ ಮೊದಲ ಬಾರಿ ಒಬ್ಬರೇ ರೂಮು ಮಾಡಿಕೊಂಡಿರುವ ಅನುಭವ. ಸುಡುವ ಕಸ ಯಾವ ದಿನ, ಪ್ಲಾಸ್ಟಿಕ್ ಯಾವ ದಿನ, ಬಾಟಲಿ ಯಾವ ದಿನ ಅಂತ ಕಲಿಯಬೇಕು. ಜೂನಿನಲ್ಲಿ ಮಳೆ ಹಿಡಿಯುತ್ತದೆ. ಎಲ್ಲರ ಕೈಯಲ್ಲೂ ಒಂದೇ ಥರದ ಪಾರದರ್ಶಕ ಪ್ಲಾಸ್ಟಿಕ್ ಛತ್ರಿ. ಬಾಗಿಲ ಬಳಿಯ ಸ್ಟ್ಯಾಂಡಿನಲ್ಲಿ ಇಟ್ಟರೆ ವಾಪಸ್ ಬರುವಾಗ ಅದು ನಿಮ್ಮದೇ ಅನ್ನುವ ಖಾತ್ರಿ ಇಲ್ಲ. ಜುಲೈ 7ಕ್ಕೆ ತಾನಾಬಾತಾ ಹಬ್ಬ. ಬಣ್ಣದ ಕಾಗದದ ಪಟ್ಟಿಯ ಮೇಲೆ ಆಸೆಯನ್ನು ಬರೆದು ಬಿದಿರಿನ ಕೊಂಬೆಗೆ ಕಟ್ಟುತ್ತಾರೆ. ದೇಶವೇ ತಲತಲಾಂತರದಿಂದ ಕೊಟ್ಟುಕೊಂಡು ಬಂದಿರುವ ಬರವಣಿಗೆಯ ಪ್ರಶ್ನೆ ಅದು. ಅದನ್ನು ಇಂಗ್ಲಿಷಿನಲ್ಲಿ ಬರೆಸುವ ಟೀಚರ್ ಹೊಸದೇನೂ ಹೇರಿದ ಹಾಗಾಗುವುದಿಲ್ಲ.

ಕೇಳಬಾರದ ಪ್ರಶ್ನೆಗಳೂ ಇವೆ. ‘ನಿಮ್ಮ ಅಪ್ಪ ಅಮ್ಮನ ಬಗ್ಗೆ ಬರೆಯಿರಿ’ ಅಂದರೆ ಅಪ್ಪ ಇಲ್ಲದ ಹುಡುಗಿ ಏನು ಬರೆಯಬೇಕು? 2011ರ ಭೂಕಂಪ, ಸುನಾಮಿಯ ನೆನಪು ಯಾರ ಮನೆಯಲ್ಲಿ ಎಷ್ಟು ಹಸಿಯಾಗಿದೆ ಅಂತ ಕೇಳುವವರಿಗೆ ತಿಳಿಯದು. ಪ್ರೀತಿ, ಪ್ರೇಮದ ಪ್ರಶ್ನೆ ಬೇಡವೇ ಬೇಡ. ‘ನಿಮ್ಮ ಜೀವನದ ಗುರಿ ಏನು?’ ಅನ್ನುವುದೂ ಬೇಡ. ಕೆಲಸ ಹುಡುಕುವ ಹೊತ್ತಿಗೆ ಪ್ರತಿ ಕಂಪನಿಯೂ ‘ವಿದ್ಯಾರ್ಥಿ ಜೀವನದಲ್ಲಿ ಯಾವುದಕ್ಕೆ ಶ್ರಮ ಹಾಕಿದಿರಿ?’ ಅಂತ ಕೇಳುತ್ತದೆ. ಆ ಪ್ರಶ್ನೆಗೆ ‘ಗಾಕುಚಿಕಾ’ ಅಂತ ಅಡ್ಡಹೆಸರೇ ಇದೆ. ಅದಕ್ಕೆ ತಿದ್ದಿ ತೀಡಿದ ಉತ್ತರ ತಯಾರು ಮಾಡುವುದೇ ಒಂದು ದೊಡ್ಡ ಹೊರೆ. ಇಂಗ್ಲಿಷ್ ಕ್ಲಾಸಿನ 10 ನಿಮಿಷವಾದರೂ ಆ ಹೊರೆಯಿಂದ ಹೊರಗಿರಲಿ. ಯಾವ ಪ್ರಶ್ನೆ ಕೇಳಿದರೂ ಜೊತೆಗೆ ಇನ್ನೊಂದು ಇಟ್ಟಿರಬೇಕು. ಮನಸ್ಸಿಲ್ಲದವರು ಅದಕ್ಕೆ ಬರೆಯುತ್ತಾರೆ, ಕಾರಣ ಹೇಳಬೇಕಾಗಿಲ್ಲ.

ಅಭಿಪ್ರಾಯ ಕೇಳುವಾಗ ಇನ್ನಷ್ಟು ಸೂಕ್ಷ್ಮ ಬೇಕು. ಜಪಾನಿಯಲ್ಲಿ ‘ಕೂಕಿ ಒ ಯೊಮು’ ಎಂಬ ಮಾತಿದೆ, ಗಾಳಿಯನ್ನು ಓದುವುದು ಅಂತ. ಸುತ್ತಲಿನವರ ಮನಸ್ಸಿನಲ್ಲಿ ಏನಿದೆ ಅಂತ ಅಳೆದು, ಅದಕ್ಕೆ ತಕ್ಕ ಹಾಗೆ ಬಾಯಿ ಬಿಡುವುದು. ಅಂಥಲ್ಲಿ ‘ಇದು ಸರಿಯೇ, ತಪ್ಪೇ?’ ಅಂತ ನೇರ ಕೇಳಿದರೆ ಎಲ್ಲರೂ ನಡುವೆ ನಿಲ್ಲುತ್ತಾರೆ. ‘ಇದನ್ನು ನೋಡಿದರೆ ನಿಮ್ಮ ಬೀದಿಯ ವಯಸ್ಸಾದವರೊಬ್ಬರು ಏನು ಹೇಳುತ್ತಿದ್ದರು? ನೀವು ಅವರಿಗೆ ಏನು ಹೇಳುತ್ತಿದ್ದಿರಿ?’ ಅಂತ ಕೇಳಿ. ಮಾತು ಇನ್ನೊಬ್ಬರ ಬಾಯಲ್ಲಿ ಬಂದರೆ ಸಲೀಸು.

ಮುಖ್ಯವಾದ ಮಾತು ಇನ್ನೂ ಬಾಕಿ ಇದೆ. ಪ್ರಶ್ನೆ ಎಷ್ಟೇ ಚೆನ್ನಾಗಿರಲಿ, ಬರೆದದ್ದಕ್ಕೆ ಮರುಮಾತು ಬರದಿದ್ದರೆ ಅದು ಮಾತುಕತೆ ಅಲ್ಲ. ನಮ್ಮಲ್ಲಿ ಕಥೆ ಹೇಳುವಾಗ ಎದುರು ಕೂತವರು ಹೂಂಗುಟ್ಟಬೇಕು. ಹೂಂ ನಿಂತರೆ ಅಜ್ಜಿಯ ಕಥೆಯೂ ನಿಲ್ಲುತ್ತದೆ. ಜಪಾನಿನಲ್ಲಿ ಈ ಹೂಂಗುಟ್ಟುವುದಕ್ಕೆ ‘ಐಜುಚಿ’ ಅನ್ನುತ್ತಾರೆ. ಅದು ಕಮ್ಮಾರಸಾಲೆಯ ಪದ. ಕಾದ ಕಬ್ಬಿಣಕ್ಕೆ ಗುರು ಒಂದು ಪೆಟ್ಟು ಹಾಕಿದರೆ ಶಿಷ್ಯ ಸುತ್ತಿಗೆಯಿಂದ ಇನ್ನೊಂದು ಹಾಕಬೇಕು, ತಾಳ ತಪ್ಪದೆ. ಮಾತಿಗೂ ಆ ಜೊತೆಪೆಟ್ಟು ಬೇಕು. ಹಾಳೆ ಹೂಂಗುಟ್ಟುವುದಿಲ್ಲ. ಟೀಚರೇ ಹೂಂಗುಟ್ಟಬೇಕು.

ಬರೆದು ಮಾತಾಡುವುದು ಜಪಾನಿಗೆ ಎರವಲು ಸರಕಲ್ಲ. ರೆಂಗಾ ಎಂಬ ಹಳೆಯ ಪದ್ಯದ ಬಗೆಯಲ್ಲಿ ಒಬ್ಬ 5-7-5ರ ಸಾಲುಗಳನ್ನು ಹೇಳಿದರೆ ಇನ್ನೊಬ್ಬ 7-7ರಲ್ಲಿ ಮುಂದುವರಿಸುತ್ತಿದ್ದ, ಮತ್ತೊಬ್ಬ ಅಲ್ಲಿಂದ ಎತ್ತಿಕೊಳ್ಳುತ್ತಿದ್ದ. ಹಿಂದಿನದಕ್ಕೆ ಅಂಟಿರಬೇಕು, ಆದರೆ ಅಲ್ಲೇ ನಿಲ್ಲಬಾರದು. ಶಾಲೆಯ ಹುಡುಗಿಯರು ಒಂದೇ ನೋಟ್‌ಬುಕ್ಕಿನಲ್ಲಿ ಸರದಿಯ ಮೇಲೆ ದಿನಚರಿ ಬರೆದು ಕೈಯಿಂದ ಕೈಗೆ ದಾಟಿಸುವ ‘ಕೋಕನ್ ನಿಕ್ಕಿ’ ಇನ್ನೂ ಹತ್ತಿರದ್ದು. ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಲೆಸ್ಲಿ ರೀಡ್ ಎಂಬ ಟೀಚರ್ ತಮ್ಮ 6ನೇ ತರಗತಿಯ ಮಕ್ಕಳ ಜೊತೆ ನೋಟ್‌ಬುಕ್ಕಿನಲ್ಲಿ ಹೀಗೇ ಮಾತು ನಡೆಸುತ್ತಿದ್ದರು. 1980ರ ದಶಕದಲ್ಲಿ ಸಂಶೋಧಕರು ಅದನ್ನು ಅಭ್ಯಾಸ ಮಾಡಿದ ಮೇಲೆ ಇಂಗ್ಲಿಷ್ ಕಲಿಸುವವರ ನಡುವೆ ಇದು ಹಬ್ಬಿತು. ಜಪಾನಿನ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಕೋಕನ್ ನಿಕ್ಕಿಯ ಥರ, ಆದರೆ ಇಂಗ್ಲಿಷಿನಲ್ಲಿ ಅಂದರೆ ಆಯಿತು.

ಮರುಮಾತು ಎರಡೇ ಸಾಲಿದ್ದರೂ ಸಾಕು. ‘ಐ ಪ್ಲೇಡ್ ವಿತ್ ಮೈ ಫ್ರೆಂಡ್’ ಎಂದು ಬರೆದವಳಿಗೆ ‘ಓ, ಯು ಹಂಗ್ ಔಟ್ ವಿತ್ ಯುವರ್ ಫ್ರೆಂಡ್! ಎಲ್ಲಿಗೆ ಹೋಗಿದ್ದಿರಿ?’ ಅಂತ ಬರೆಯುವುದು. ತಪ್ಪಾಯಿತು ಅಂತ ಹೇಳಿಲ್ಲ, ಗೆರೆ ಎಳೆದಿಲ್ಲ. ಸುತ್ತಾಡಿದ್ದಕ್ಕೆ ಸರಿಯಾದ ಪದ ‘ಹಂಗ್ ಔಟ್’, ಅದನ್ನು ಮಾತಿನ ನಡುವೆ ಇಟ್ಟಾಯಿತು. ಮಗು ‘ನಾನು ಹೋದ್ನು’ ಅಂದಾಗ ಅಮ್ಮ ‘ಹೌದಾ ಪುಟ್ಟಿ, ಹೋದೆಯಾ?’ ಅನ್ನುವುದಿಲ್ಲವೇ, ಹಾಗೆ. ಮುಂದಿನ ವಾರ ಅವಳ ಹಾಳೆಯಲ್ಲಿ ಆ ಪದ ತಾನಾಗಿ ಬಂದಿದ್ದರೆ ಕಲಿತಳು ಅಂತ ಅರ್ಥ. ಬರದಿದ್ದರೆ ಇನ್ನೊಮ್ಮೆ.

ತಿದ್ದಬೇಕೋ ಬೇಡವೋ ಎನ್ನುವುದರ ಮೇಲೆ ದೊಡ್ಡ ವಾದವೇ ನಡೆದಿದೆ. ತೈವಾನಿನಲ್ಲಿ ಪಾಠ ಮಾಡುತ್ತಿದ್ದ ಜಾನ್ ಟ್ರಸ್ಕಾಟ್ 1996ರಲ್ಲಿ, ಬರವಣಿಗೆಯಲ್ಲಿ ವ್ಯಾಕರಣ ತಿದ್ದುವುದರಿಂದ ಉಪಯೋಗವಿಲ್ಲ, ಕೆಡುಕೇ ಇದೆ, ಬಿಟ್ಟುಬಿಡಿ ಅಂತ ಬರೆದರು. 1999ರಲ್ಲಿ ಅಮೆರಿಕದ ಸಂಶೋಧಕಿ ಡಾನಾ ಫೆರಿಸ್, ಅಷ್ಟು ಬೇಗ ಕೈಬಿಡುವುದು ಸರಿಯಲ್ಲ, ಆಯ್ದು ಸ್ಪಷ್ಟವಾಗಿ ತಿದ್ದಿದರೆ ಮಕ್ಕಳಿಗೆ ಸಹಾಯವಾಗುತ್ತದೆ ಎಂದು ಉತ್ತರ ಕೊಟ್ಟರು. ಪ್ರಬಂಧಕ್ಕೆ ಫೆರಿಸ್ ಮಾತು ಸರಿ ಅಂತ ನನ್ನ ಅಭಿಪ್ರಾಯ. ಮಾತುಕತೆಯ ಬರಹಕ್ಕೆ ಮಾತ್ರ ಕೆಂಪು ಪೆನ್ನು ಬೇಡ. ಯಾರಾದರೂ ನಮ್ಮ ಮಾತಿನ ನಡುವೆ ಪ್ರತಿ ಪದವನ್ನೂ ತಿದ್ದಿದರೆ ನಾವು ಎಷ್ಟು ಹೊತ್ತು ಮಾತಾಡುತ್ತೇವೆ? ಇಡೀ ಕ್ಲಾಸಿಗೆ ಪದೇ ಪದೇ ಬರುವ ಒಂದು ತಪ್ಪನ್ನು ಆರಿಸಿ, ಯಾರ ಹೆಸರೂ ಎತ್ತದೆ, ವಾರಕ್ಕೊಂದು ಹೇಳಿಕೊಟ್ಟರೆ ಸಾಕು.

ಇಲ್ಲಿ ಹೊರಗಿನಿಂದ ಹೋದ ಟೀಚರ್ ತಿಳಿದಿರಬೇಕಾದ ಒಂದು ಸಣ್ಣ ವಿಷಯ ಇದೆ. ನಮಗೆ ರೈಟ್ ಗುರುತು ಅಂದರೆ ಸರಿ. ಜಪಾನಿನ ಶಾಲೆಗಳಲ್ಲಿ ಅದು ತಪ್ಪಿನ ಗುರುತು. ಸರಿಗೆ ಅವರು ಸೊನ್ನೆ ಸುತ್ತುತ್ತಾರೆ. ತುಂಬಾ ಚೆನ್ನಾಗಿದ್ದರೆ ಸುರುಳಿ ಸುತ್ತಿ, ಸುತ್ತಲೂ ದಳ ಬಿಡಿಸಿ ಹೂವು ಮಾಡುತ್ತಾರೆ. ಅದಕ್ಕೆ ‘ಹಾನಾಮಾರು’ ಎಂದು ಹೆಸರು. ಪ್ರೀತಿಯಿಂದ ಪ್ರತಿ ಸಾಲಿಗೂ ರೈಟ್ ಹಾಕಿ ಕೊಟ್ಟರೆ ಆ ಮಗು ಹಾಳೆ ನೋಡಿ ಪೂರ್ತಿ ಕುಸಿದು ಹೋಗಬಹುದು. ಒಂದು ಹೂವು ಬಿಡಿಸಿದರೆ ಕಾಲೇಜು ಹುಡುಗರೂ ಮುಖ ಅರಳಿಸುತ್ತಾರೆ.

ಈಗ ಫೋನಿನಲ್ಲೇ ಅನುವಾದ ಮಾಡುವ ಯಂತ್ರಗಳಿವೆ. ‘ಸ್ಮಾರ್ಟ್‌ಫೋನಿನ ಲಾಭ, ನಷ್ಟ’ ಅಂತ ವಿಷಯ ಕೊಟ್ಟರೆ ಯಂತ್ರವೇ ಪೂರ್ತಿ ಬರೆದುಕೊಡುತ್ತದೆ, ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಕ್ಲಾಸಿನಲ್ಲೇ, ಕೈಯಲ್ಲೇ, ಅಂಕವಿಲ್ಲದೆ ಬರೆಯುವ 10 ನಿಮಿಷಕ್ಕೆ ಯಂತ್ರದ ಅಗತ್ಯ ಬೀಳುವುದೇ ಕಡಿಮೆ. ಹೆದರಿಕೆ ಹೋದಷ್ಟೂ ಅದು ದೂರ ಹೋಗುತ್ತದೆ. ನ್ಯೂಜಿಲೆಂಡಿನ ಭಾಷಾ ಕಲಿಕೆಯ ವಿದ್ವಾಂಸ ಪಾಲ್ ನೇಶನ್ ಹೇಳುವ 10 ನಿಮಿಷದ ಬರವಣಿಗೆಯಲ್ಲಿ ಮಕ್ಕಳು ತಾವೇ ಪದ ಎಣಿಸಿ ಗ್ರಾಫಿನಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ತಪ್ಪು ಎಣಿಸುವುದಿಲ್ಲ. ವಾರದಿಂದ ವಾರಕ್ಕೆ ಗೆರೆ ಮೇಲೇರುವುದು ಅವರ ಕಣ್ಣಿಗೇ ಕಾಣುತ್ತದೆ.

ಕೊನೆಗೆ ಕಾಗದದಿಂದ ಬಾಯಿಗೆ ಬರಬೇಕಲ್ಲ. ಬರೆದ ಮೇಲೆ ಹಾಳೆ ತಿರುಗಿಸಿಟ್ಟು, ಅದೇ ಕಥೆಯನ್ನು ಪಕ್ಕದವರಿಗೆ 4 ನಿಮಿಷ ಹೇಳುವುದು. ಆಮೇಲೆ ಜೋಡಿ ಬದಲಿಸಿ ಇನ್ನೊಬ್ಬರಿಗೆ 3 ನಿಮಿಷದಲ್ಲಿ, ಮೂರನೆಯವರಿಗೆ 2 ನಿಮಿಷದಲ್ಲಿ. ಕಥೆ ಅದೇ, ಕೇಳುವವರು ಹೊಸಬರು, ಹೊತ್ತು ಕಡಿಮೆ. ತಡವರಿಕೆ ತಾನಾಗಿ ಉದುರುತ್ತದೆ. ಬಾಯಿ ಬಿಡುವುದೇ ಇಲ್ಲ ಎನ್ನುವ ಕ್ಲಾಸು ಆಗ ಸಂತೆಯಾಗುತ್ತದೆ.

ಪ್ರಶ್ನೆ ಕೆಲಸ ಮಾಡಿತು ಅಂತ ತಿಳಿಯುವುದು ಹೇಗೆ? ಮೊದಲು ನೋಡಿದ ಹುಡುಗನಿಗೆ ಈ ಸಲ ‘ನಿಮ್ಮ ಛತ್ರಿ ಕಳೆದುಹೋದ ದಿನ’ ಅಂತ ಕೇಳಿದ್ದಾರೆ ಅನ್ನಿ. ಅವನ ಹಾಳೆ ಹೀಗಿರಬಹುದು. ಲೈಬ್ರರಿಯಿಂದ ಹೊರಗೆ ಬಂದೆ. ನನ್ನ ಛತ್ರಿ ಇಲ್ಲ. ಅದರ ಹಿಡಿಗೆ ನೀಲಿ ಟೇಪು ಸುತ್ತಿದ್ದೆ. ಅದೇ ಥರದ್ದು ಆರು ಇದ್ದವು, ಟೇಪು ಇರಲಿಲ್ಲ. ಒಂದನ್ನು ಎತ್ತಿಕೊಳ್ಳೋಣ ಅನಿಸಿತು. ಎತ್ತಿಕೊಳ್ಳಲಿಲ್ಲ. ಸ್ಟೇಷನ್ನಿನ ತನಕ ಓಡಿದೆ. ಅಲ್ಲಿ ನೀಲಿ ಟೇಪಿನ ಛತ್ರಿ ಹಿಡಿದು ಒಬ್ಬರು ನಿಂತಿದ್ದರು. ಏನೂ ಹೇಳಲಿಲ್ಲ.

ನಡುವೆ ಎರಡು ಕಡೆ ಭೂತಕಾಲ ತಪ್ಪಿದೆ, ಇಂಗ್ಲಿಷಿನ ‘ದ’ (the) ಇರಬೇಕಾದಲ್ಲಿ ಇಲ್ಲ. ಹಾಳೆಯ ತಳದಲ್ಲಿ, ಯಾರೂ ಕೇಳದಿದ್ದರೂ, ಅವನೇ ಒಂದು ಸಾಲು ಸೇರಿಸಿದ್ದಾನೆ: ‘ನೀವಾಗಿದ್ದರೆ ಕೇಳುತ್ತಿದ್ದಿರಾ?’